ಮಹಾಪೂರ ಇಳಿದ ಮೇಲೆ ಬಾವಿಯ ನೀರು

ಸೋಸದ ನೀರನ್ನು ಕುಡಿಯಬಾರದೆಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದಲೇ ಬಂದ ಸಂಸ್ಕಾರ. ನಲ್ಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಕಂಡೇ ಇದು ಜೈನರ ಮನೆಯೆಂದು ಊರವರು ಗುರುತಿಸುತ್ತಾರೆ. ಆದರೆ ಮಹಾಪೂರ ಬಂದು ಹೋದ ಮೇಲೆ ಆ ಬಟ್ಟೆಯೊಂದನ್ನೇ ನಂಬಿ ಕೂಡಬಹುದೇ?

ನೂಲ, ಗಡಹಿಂಗ್ಲಜ ಸೀಮೆಯವರಿಗೆ ಹಿರಣ್ಯಕೇಶಿಯ ಪರಿಚಯ ಹೇಳಬೇಕಾಗಿಲ್ಲ. ಅಂಬೋಲಿ ಘಟ್ಟದಲ್ಲಿ ಜೋರು ಮಳೆಯಾದರೆ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದವರೆಗೂ ಹೊಳೆ ಉಕ್ಕುತ್ತದೆ. ಅತ್ತ ಕೊಲ್ಹಾಪುರದಲ್ಲಿ, 2019ರ ಆಗಸ್ಟ್‌ನಲ್ಲಿ, ಪಂಚಗಂಗೆಯು ರಾಜಾರಾಮ ಬಂಧಾರದ ಬಳಿ 43 ಅಡಿಯ ಅಪಾಯದ ಮಟ್ಟವನ್ನು ಮೀರಿ 55 ಅಡಿ ದಾಟಿತು. 2021ರ ಜುಲೈನಲ್ಲಿ ಮತ್ತೆ ಅದೇ ಕಥೆ. ನೀರೆತ್ತುವ ಪಂಪುಗಳೇ ಮುಳುಗಿದ್ದರಿಂದ, ಸುತ್ತ ನೀರಿದ್ದೂ ಜನ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾಯಿತು.

ಪೂರದ ನೀರು ಶೌಚದ ಗುಂಡಿ, ಗಟಾರ, ತಿಪ್ಪೆ, ಸತ್ತ ದನ ಎಲ್ಲವನ್ನೂ ತೊಳೆದುಕೊಂಡು ಬಾವಿಗೆ ಇಳಿಯುತ್ತದೆ. ನಾಲ್ಕು ದಿನದಲ್ಲಿ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ. ಮೋಸ ಇರುವುದೇ ಇಲ್ಲಿ. ಕಾಲರಾ, ವಿಷಮಜ್ವರ, ಆಮಶಂಕೆಯ ರೋಗಾಣುಗಳು ಕಣ್ಣಿಗೆ ಕಾಣುವಂಥವಲ್ಲ. ಕಾಮಾಲೆ ತರುವ ವಿಷಾಣು ಅವಕ್ಕಿಂತಲೂ ಸೂಕ್ಷ್ಮ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿದ್ದನ್ನು ಅನೇಕ ಕುಟುಂಬಗಳು ಮರೆತಿಲ್ಲ. ಅದಕ್ಕೆ ಪೂರವೂ ಬೇಕಾಗಿರಲಿಲ್ಲ, ಕುಡಿಯುವ ನೀರಿಗೆ ಹೊಲಸು ಸೇರಿದ್ದೇ ಸಾಕಾಯಿತು. ಆ ಬಗೆಯ ಕಾಮಾಲೆ ಬಸುರಿಯರಿಗೆ ಪ್ರಾಣಾಂತಿಕವಾಗಬಲ್ಲದು.

ಹಾಗೆಂದು ಹಿರಿಯರ ಬಟ್ಟೆ ವ್ಯರ್ಥವಲ್ಲ. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಹಳೆಯ ಸೀರೆಯನ್ನು ಎಂಟು ಪದರಾಗುವಂತೆ ಮಡಚಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ಕಾಲರಾ ರೋಗಾಣುಗಳು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತವೆ, ಆ ಜೀವಿಗಳನ್ನು ಬಟ್ಟೆ ತಡೆಯುತ್ತದೆ. ಆದರೆ ಬಿಡಿಯಾಗಿ ತೇಲುವ ರೋಗಾಣುವಿನ ಗಾತ್ರ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ ಮಾತ್ರ. ಅದು ಎಂಥ ದಟ್ಟ ಬಟ್ಟೆಯಿಂದಲೂ ನುಸುಳುತ್ತದೆ.

ಆದ್ದರಿಂದ ಪೂರದ ನಂತರ ಮೊದಲು ಸೋಸಿ, ಆಮೇಲೆ ಕುದಿಸಿರಿ. ನೀರು ಕೊತಕೊತ ಕುದಿಯಲು ಹತ್ತಿದ ಮೇಲೆ ಒಂದು ನಿಮಿಷವಾದರೂ ಬಿಡಬೇಕು, ಬೆಚ್ಚಗಾದರೆ ಸಾಲದು. ಕುದಿಸಿದ ನೀರಿಗೆ ನಮ್ಮಲ್ಲಿ 24 ಗಂಟೆಯ ಮಿತಿಯಿದೆಯಷ್ಟೆ, ಅದನ್ನು ಈ ದಿನಗಳಲ್ಲಿ ಕಟ್ಟುನಿಟ್ಟಾಗಿ ಪಾಲಿಸಿರಿ. ಕೈ ಅದ್ದಿದರೆ ಕುದಿಸಿದ ನೀರೂ ಕೆಡುತ್ತದೆ. ಸೋಸುವ ಬಟ್ಟೆಯನ್ನು ತಿರುಗಿಸಿ ಹಾಕಬೇಡಿರಿ. ತೊಳೆದು ಬಿಸಿಲಿಗೆ ಒಣಗಿಸಿರಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಜೀವಹಿಂಸೆಯಾಗುತ್ತದೆಂದು ಕೆಲವು ಶ್ರಾವಕರು ಹಿಂಜರಿಯುತ್ತಾರೆ. ಹಿಂಜರಿಕೆ ಅರ್ಥವಾಗುವಂಥದೇ. ಆದರೆ ಬಾವಿಗೆ ನಮ್ಮ ಮನೆಯ ಕೊಡವೊಂದೇ ಬರುವುದಿಲ್ಲ. ನೆರೆಯವರೂ ಅಂಗಡಿಯ ಹಮಾಲರೂ ಅದನ್ನೇ ಕುಡಿಯುತ್ತಾರೆ. ಮಳೆಗಾಲದಲ್ಲಿ ಎರಡು ಹೊತ್ತು ನೀರು ಕುದಿಸಲು ಎಲ್ಲರಲ್ಲಿ ಉರುವಲು ಇರುತ್ತದೆಯೇ? ಔಷಧಿ ಹಾಕುವುದೇ ಸರಿಯೆಂದು ನನ್ನ ಅಭಿಪ್ರಾಯ.

ಪೂರ ಇಳಿದ ಕೂಡಲೇ ಬಾವಿಯನ್ನು ಪೂರ್ತಿ ಬರಿದು ಮಾಡಬಾರದು. ಸುತ್ತಲಿನ ಮಣ್ಣು ನೆನೆದಿರುವುದರಿಂದ ಗೋಡೆ ಕುಸಿಯುವ ಭಯವಿದೆ. ಮಣ್ಣು ಆರಿದ ಮೇಲೆ ಕೆಸರು ತೆಗೆಸಬೇಕು, ಕೆಸರು ನೀರಿನಲ್ಲಿ ಔಷಧಿ ಕೆಲಸ ಮಾಡುವುದಿಲ್ಲ. ಮೊದಲ ಸಲದ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಅದನ್ನು ಆರೋಗ್ಯ ಸೇವಕರಿಂದಲೇ ಹಾಕಿಸಿರಿ. ನಂತರ ಸಾಧಾರಣವಾಗಿ 1000 ಲೀಟರಿಗೆ ಎರಡೂವರೆ ಗ್ರಾಂ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕದಡಬೇಕು. ಒಂದು ತಾಸಾದರೂ ಯಾರೂ ನೀರು ಸೇದಬಾರದು, ರಾತ್ರಿ ಹಾಕುವುದು ಅನುಕೂಲ.

ಕಿರಾಣಿ ವ್ಯಾಪಾರಿಗಳಿಗೆ ಇನ್ನೊಂದು ಮಾತು. ಬ್ಲೀಚಿಂಗ್ ಪೌಡರ್ ಗಾಳಿ, ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ತಾಜಾ ಮಾಲಿನಲ್ಲಿ ಸುಮಾರು 33 ಪ್ರತಿಶತ ಕ್ಲೋರಿನ್ ಇದ್ದರೆ, ಕಳೆದ ಮಳೆಗಾಲದಿಂದ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಉಳಿಯುವುದು ಹೆಚ್ಚಾಗಿ ಸುಣ್ಣವೇ. ಅಂಥ ಚೀಲ ಗೋದಾಮಿನಲ್ಲಿದ್ದರೆ ಬಾವಿಗೆಂದು ಕೇಳಿ ಬಂದ ಗಿರಾಕಿಗೆ ತೂಗಿ ಕೊಡಬೇಡಿರಿ.