ಲೆನ್ಸಿಗೂ ಕ್ಯಾಮೆರಾಗೂ ಮಾತು ನಿಂತಾಗ

ಗೃಹಕೃತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಕ್ಯಾಮೆರಾ ರಿಪೇರಿಯ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಮದುವೆ, ನಾಮಕರಣ, ಗೃಹಪ್ರವೇಶಗಳ ನೆನಪನ್ನೆಲ್ಲ ನಾವು ಈ ಯಂತ್ರಕ್ಕೆ ಒಪ್ಪಿಸಿಬಿಟ್ಟಿರುವೆವು. ಮುಹೂರ್ತದ ವೇಳೆಯಲ್ಲಿ ಅದು ಕೈಕೊಟ್ಟರೆ ಮನೆಮಂದಿಯ ಮುಖವೆಲ್ಲ ಬಾಡುವುದು. ಆದುದರಿಂದ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇವೆ.

ಉಡಿಗಾಲದಲ್ಲಿ ನಮ್ಮ ಸೋದರಳಿಯನೊಬ್ಬನು ಫೋಟೋ ತೆಗೆದೇ ಜೀವನ ಸಾಗಿಸುತ್ತಿರುವನು. ಸಾಲಮಾಡಿ ಕೊಂಡ ಕ್ಯಾಮೆರಾ ಒಂದು, ಹಳೆಯ ಜೂಮ್ ಲೆನ್ಸು ಒಂದು, ಚಿಕ್ಕ ಲೆನ್ಸು ಮತ್ತೊಂದು, ಅವನ ಬಂಡವಾಳವಿಷ್ಟೇ. ಕಳೆದ ಶ್ರಾವಣದಲ್ಲಿ ಅವನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದನು. 1454 ಮೀಟರು ಎತ್ತರದ ಆ ಬೆಟ್ಟದ ಮೇಲೆ ಮಂಜು ಮೈಯನ್ನೇ ತೋಯಿಸುವಷ್ಟು ದಟ್ಟವಾಗಿರುವುದು. ಮರುದಿನ ಅವನು ನಮ್ಮ ಜಗುಲಿಯ ಮೇಲೆ ಬಂದು ಕುಳಿತು, "ಮಾವ, ಲೆನ್ಸು ಕ್ಯಾಮೆರಾ ಜೊತೆ ಮಾತಾಡ್ತಿಲ್ಲ ಅಂತ ತೋರಿಸ್ತಾ ಇದೆ. ನಾಳಿದ್ದು ಒಂದು ಮದುವೆ ಒಪ್ಪಿಕೊಂಡಿದ್ದೀನಿ, ಏನು ಮಾಡೋದು?" ಎಂದನು. ಪೇಟೆಯ ಅಂಗಡಿಯವರೊಬ್ಬರು ಯಂತ್ರವನ್ನು ನೋಡದೆಯೇ, "ಬಾಡಿ ಹೋಗಿದೆ, ಹೊಸದು ಕೊಳ್ಳಿ" ಎಂದು ಫೋನಿನಲ್ಲಿ ತೀರ್ಪು ಕೊಟ್ಟಿದ್ದರಂತೆ. ಹಳೆಯ ಸಾಲವೇ ತೀರದವನಿಗೆ ಹೊಸ ಯಂತ್ರವೆಲ್ಲಿಂದ ಬರಬೇಕು!

ಲೆನ್ಸು ಮಾತನಾಡುವುದೆಂದರೇನು? ಹಿಂದೆ ಲೆನ್ಸಿಗೂ ಕ್ಯಾಮೆರಾಗೂ ಇದ್ದ ಸಂಬಂಧವೆಲ್ಲ ಸನ್ನೆಕೋಲುಗಳ ಮೂಲಕವೇ ನಡೆಯುತ್ತಿದ್ದಿತು. 1987ರಲ್ಲಿ ಕ್ಯಾನನ್ ಸಂಸ್ಥೆಯು ತನ್ನ ಇಎಫ್ ಲೆನ್ಸುಗಳಲ್ಲಿ ಆ ಕೋಲುಗಳನ್ನೆಲ್ಲ ಬಿಟ್ಟು, ವಿದ್ಯುತ್ ಸಂಕೇತಗಳನ್ನೇ ಆಶ್ರಯಿಸಿತು. ಲೆನ್ಸಿನ ಹಿಂಬದಿಯಲ್ಲಿ ಕಾಣುವ ಚಿನ್ನದ ಲೇಪದ ಬಿಂದುಗಳೇ ಅದರ ನಾಲಗೆ. ಕ್ಯಾಮೆರಾದ ಬಾಯಲ್ಲಿರುವ, ಸ್ಪ್ರಿಂಗಿನ ಮೇಲೆ ನಿಂತ ಮೊಳೆಗಳೇ ಕಿವಿ. ಒಳಗಿರುವ ಪುಟ್ಟ ಗಣಕವು "ನಾನು ಇಂಥ ಲೆನ್ಸು, ನನ್ನ ನಾಭಿದೂರ ಇಷ್ಟು" ಎಂದು ತಿಳಿಸಿದರೆ, ಕ್ಯಾಮೆರಾ "ಕಂಡಿಯನ್ನು ಇಷ್ಟು ಕಿರಿದು ಮಾಡು" ಎಂದು ಆಜ್ಞಾಪಿಸುವುದು. ಈ ಸಂವಾದವು ಮುರಿದಾಗ ಕ್ಯಾನನ್ ಯಂತ್ರದಲ್ಲಿ ಎರರ್ 01 ಕಾಣುವುದು. ಅಪರ್ಚರ್ ಉಂಗುರವುಳ್ಳ ಹಳೆಯ ನಿಕಾನ್ ಲೆನ್ಸಿನ ಉಂಗುರವನ್ನು ಅತಿ ದೊಡ್ಡ ಅಂಕೆಗೆ ತಿರುಗಿಸಿ ನಿಲ್ಲಿಸದಿದ್ದರೆ ಎಫ್‌ಇಇ ಎಂಬ ಅಕ್ಷರಗಳು ಮೂಡುವುವು. ಅದು ರೋಗವಲ್ಲ, ಮರೆವು ಮಾತ್ರ.

ಮೊದಲು ಯಂತ್ರವನ್ನು ಆರಿಸಿ ಬ್ಯಾಟರಿಯನ್ನು ಹೊರತೆಗೆಯತಕ್ಕದ್ದು. ಲೆನ್ಸನ್ನು ಬಿಚ್ಚಿ, ಟಕ್ಕೆಂಬ ಶಬ್ದ ಕೇಳುವವರೆಗೆ ತಿರುಗಿಸಿ ಮತ್ತೆ ಕೂರಿಸಬೇಕು. ಎಷ್ಟೋ ವೇಳೆ ಇಷ್ಟರಿಂದಲೇ ಕೆಲಸವಾಗುವುದು. ಆಗದಿದ್ದರೆ, ಕನ್ನಡಕ ಒರೆಸುವ ನಯವಾದ ಒಣಬಟ್ಟೆಯಿಂದ ಲೆನ್ಸಿನ ಬಿಂದುಗಳನ್ನು ಮೆಲ್ಲಗೆ ಒರೆಸಬೇಕು. ಬೆರಳಿನ ಜಿಡ್ಡು, ಬೆವರು, ಮಂಜಿನ ಪಸೆ ಅಲ್ಲಿ ತೆಳುವಾದ ಪೊರೆಯಾಗಿ ನಿಲ್ಲುವುವು. ಕ್ಯಾಮೆರಾದ ಬಾಯಿ ಕೆಳಮುಖವಾಗಿಯೇ ಇರತಕ್ಕದ್ದು. ಇಲ್ಲದಿದ್ದರೆ ಧೂಳು ಒಳಗೆ ಬೀಳುವುದು. ಮರಳುಕಾಗದದಿಂದ ಉಜ್ಜುವ ಧೀರರನ್ನೂ ನಾವು ಕಂಡಿದ್ದೇವೆ! ಲೇಪವು ಬಲು ತೆಳುವು. ಒಮ್ಮೆ ಹೋದರೆ ಹೋಯಿತು.

ನಮ್ಮ ಹುಡುಗನು ಮಂಜನ್ನೇ ದೂರುತ್ತಿದ್ದನು. ಒರೆಸಿದ್ದಾಯಿತು, ಒಣಗಿಸಿದ್ದಾಯಿತು, ದೋಷವು ಹೋಗಲಿಲ್ಲ. ಆಗ ನಮಗೆ ತಾರ್ಕಿಕರ ಅನ್ವಯ ವ್ಯತಿರೇಕಗಳು ನೆನಪಾದುವು. ಯಾವುದು ಇದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ಇಲ್ಲವೋ, ಅದೇ ಕಾರಣವೆಂದು ಶಂಕಿಸಬೇಕು. ಅದೇ ಕ್ಯಾಮೆರಾಗೆ ಚಿಕ್ಕ ಲೆನ್ಸನ್ನು ಹಾಕಿಸಿದೆವು. ಎಲ್ಲ ಅಂಕೆಗಳಲ್ಲಿಯೂ ಸರಿಯಾಗಿ ನಡೆಯಿತು. ತೆರಕಣಾಂಬಿಯ ಗೆಳೆಯನಿಂದ ಅಂಥದೇ ಕ್ಯಾಮೆರಾ ತರಿಸಿ ಅದಕ್ಕೆ ಜೂಮ್ ಲೆನ್ಸನ್ನು ತೊಡಿಸಿದರೆ, ಅಲ್ಲಿಯೂ ಅದೇ ಗೋಳು! ಅಂದಮೇಲೆ ಕ್ಯಾಮೆರಾ ನಿರ್ದೋಷಿ. ಅಂಗಡಿಯವರ ತೀರ್ಪು ಬಿದ್ದುಹೋಯಿತು.

ಲೆನ್ಸಿನಲ್ಲಿ ಯಾವ ಅಂಗಕ್ಕೆ ಏಟು? ಕಂಡಿಯನ್ನು ಪೂರ್ತಿ ತೆರೆದು, ಎಫ್ 4ರಲ್ಲಿ, ತೆಗೆಸಿದೆವು: ಪಟ ಬಂದಿತು. ಎಫ್ 8ಕ್ಕೆ ಇಳಿಸಿದೊಡನೆ ದೋಷ. ಪೂರ್ತಿ ತೆರೆದಾಗ ಕಂಡಿಯ ಎಸಳುಗಳು ಅಲುಗಬೇಕಾಗಿಲ್ಲ. ಕಿರಿದಾಗುವಾಗ ಅವಕ್ಕೆ ಆಜ್ಞೆ ತಲುಪಬೇಕು. ಅದನ್ನು ಒಯ್ಯುವ ತೆಳ್ಳನೆಯ ತಂತಿಪಟ್ಟಿಯು ಜೂಮ್ ತಿರುಗಿಸಿದಾಗಲೆಲ್ಲ ಮಡಿಸಿಕೊಂಡು, ವರ್ಷಗಳ ಮೇಲೆ ಬಿರುಕು ಬಿಡುವುದುಂಟು. ಮಂಜಿನ ಮೇಲೆ ಹೊರಿಸಿದ್ದ ಅಪವಾದವು ಹೀಗೆ ನಿವಾರಣೆಯಾಯಿತು.

ಪಟ್ಟಿಯನ್ನು ಮನೆಯಲ್ಲಿ ಬದಲಾಯಿಸಲಾಗದು. ಚಿಕ್ಕ ಲೆನ್ಸಿಗೋ ಇಕ್ಕಟ್ಟಾದ ಮಂಟಪವು ಹಿಡಿಯದು. ಆದುದರಿಂದ ಮದುವೆಯನ್ನೆಲ್ಲ ಎಫ್ 4ರಲ್ಲಿಯೇ ತೆಗೆಯುವುದೆಂದು ನಿಶ್ಚಯವಾಯಿತು. ಕಂಡಿಯು ಅಷ್ಟು ತೆರೆದಿದ್ದರೆ ಒಂದು ದೂರದಲ್ಲಿರುವವರ ಮುಖ ಮಾತ್ರ ಸ್ಪಷ್ಟವಾಗುವುದು, ಹಿಂದಿನ ಸಾಲು ಮಸಕಾಗುವುದು. "ಬೀಗರನ್ನು ಎರಡು ಸಾಲು ನಿಲ್ಲಿಸಬೇಡ, ಒಂದೇ ಸಾಲಾಗಿ ನಿಲ್ಲಿಸು" ಎಂದು ಹೇಳಿ ಕಳುಹಿಸಿದೆವು.

ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಎಲ್ಲವೂ ಚೆನ್ನಾಗಿಯೇ ಬಂದುವು. ಲೆನ್ಸು ಅನಂತರ ಮೈಸೂರಿಗೆ ಹೋಗಿ, ಹೊಸ ಪಟ್ಟಿ ಹಾಕಿಸಿಕೊಂಡು ಬಂದಿತು. ಒಂದು ಪಟದಲ್ಲಿ ಮಾತ್ರ ವಧುವಿನ ಅಜ್ಜಿ, ಯಾರು ಹೇಳಿದರೂ ಕೇಳದೆ ಹಿಂದಿನ ಸಾಲಿಗೆ ಸರಿದು ನಿಂತುದರಿಂದ, ಮಂಜಿನಲ್ಲಿರುವಂತೆ ಕಾಣುತ್ತಾರೆ. ಮನೆಯವರು ಆ ಪಟವನ್ನೇ ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿರುವರು.