ಅಚ್ಚು ಒಂದೇ, ಗಾಲಿ ಕೂರುವ ಜಾಗ ಬೇರೆ

ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಮೇಲೆ ಯಲಬುರ್ಗಾ ಕಡೆಯ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿದರೆ ಮಣ್ಣಿನ ಮೇಲೆ ಬಾಣಗಳ ಸಾಲು ಮೂಡುತ್ತದೆ. ಒಮ್ಮೆ ಕುಕ್ಕರುಗಾಲಲ್ಲಿ ಕುಳಿತು ನೋಡಿ. ಬಾಣದ ಮೊನೆ ಟ್ರ್ಯಾಕ್ಟರ್ ಹೋದ ದಿಕ್ಕಿಗೆ ಇರುವುದಿಲ್ಲ, ಬಂದ ದಿಕ್ಕಿಗೆ ಇರುತ್ತದೆ. ಹಿಂದಿನ ಟಯರಿನ ಉಬ್ಬುಪಟ್ಟಿಗಳು ನಡುವಿನಿಂದ ಅಂಚಿನ ಕಡೆಗೆ ಓರೆಯಾಗಿ ಇಳಿದಿರುತ್ತವೆ. ಗಾಲಿ ಮುಂದಕ್ಕೆ ಉರುಳುವಾಗ ನಡುವಿನ ಮೊನೆ ಮೊದಲು ನೆಲ ಮುಟ್ಟುತ್ತದೆ, ಅಂಚಿನ ತುದಿಗಳು ಆಮೇಲೆ. ಹಾಗಾಗಿ ನಡುವೆ ಸಿಕ್ಕ ಮಣ್ಣು ಎರಡೂ ಪಕ್ಕಕ್ಕೆ ಜಾರಿ ಹೊರಬೀಳುತ್ತದೆ. ಕೆಸರಿನಲ್ಲಿ ಟಯರ್ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುವ ಉಪಾಯ ಇದು. ಗಾಲಿಯನ್ನು ತಿರುವುಮುರುವು ಜೋಡಿಸಿದರೆ ಮಣ್ಣು ಹೊರಗೆ ಹೋಗುವ ಬದಲು ನಡುವೆಯೇ ಮೆತ್ತಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಟಯರ್ ನುಣ್ಣಗಾಗಿ, ಇದ್ದಲ್ಲೇ ತಿರುಗತೊಡಗುತ್ತದೆ.

ಟ್ರ್ಯಾಕ್ಟರ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು ಎಚ್.ಪಿ. ಎಷ್ಟು ಎಂದು. ಹಿಂದಿನ ಅಚ್ಚು ಹೇಗಿದೆ, ಗಾಲಿಯನ್ನು ಎಷ್ಟು ಒಳಗೆ ತರಬಹುದು, ಎಷ್ಟು ಹೊರಗೆ ಹಾಕಬಹುದು ಎಂದು ಕೇಳುವವರು ಕಡಿಮೆ. ಕೊಪ್ಪಳ ಜಿಲ್ಲೆಯಲ್ಲಂತೂ ಇದನ್ನು ಕೇಳಲೇಬೇಕು. ಏಕೆಂದರೆ ಇಲ್ಲಿ ಒಂದೇ ಜಿಲ್ಲೆಯೊಳಗೆ ಎರಡು ಬೇಸಾಯಗಳಿವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಅಲ್ಲಿ ಟ್ರ್ಯಾಕ್ಟರಿಗೆ ಮೊಣಕಾಲುದ್ದದ ಕೆಸರಿನ ಕೆಲಸ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಒಣಬೇಸಾಯ. ಸಜ್ಜೆ, ಗೋವಿನಜೋಳ, ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಅಲ್ಲಿ ಟ್ರ್ಯಾಕ್ಟರ್ ಸಾಲು ಹಿಡಿದು, ಬೆಳೆ ತುಳಿಯದೆ ನಡೆಯಬೇಕು. ಒಂದೇ ಕಂಪನಿಯ ಒಂದೇ ಮಾದರಿಯ ಟ್ರ್ಯಾಕ್ಟರಿಗೆ ಎರಡೂ ಕಡೆ ಗಾಲಿ ಕೂರಬೇಕಾದ ಜಾಗ ಬೇರೆ ಬೇರೆ.

ನಮ್ಮ ಚಕ್ಕಡಿಯನ್ನು ನೆನೆಸಿಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ಗಾಲಿ ಕಳಚದಂತೆ ತುದಿಗೆ ಕಡೆಗೀಲು, ಸವೆಯದಂತೆ ಕೀಲೆಣ್ಣೆ. ಅಲ್ಲಿ ಅಚ್ಚಿನದು ಹೊರುವ ಕೆಲಸ ಮಾತ್ರ, ಎಳೆಯುವ ಕೆಲಸ ಎತ್ತಿನದು. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಎರಡೂ ಕೆಲಸ. ಯಂತ್ರದ ಭಾರವನ್ನೂ ಹೊರಬೇಕು, ಗಾಲಿಯನ್ನೂ ತಿರುಗಿಸಬೇಕು. ಲಾರಿಗಳಲ್ಲಿ ಈ ಎರಡನ್ನು ಬೇರೆ ಮಾಡಿದ್ದಾರೆ: ಹೊರಗಿನ ಕೊಳವೆ ಭಾರ ಹೊರುತ್ತದೆ, ಒಳಗಿನ ಸರಳು ಬರೀ ತಿರುಗಿಸುತ್ತದೆ. ಆದ್ದರಿಂದಲೇ ಲಾರಿಯ ಆಕ್ಸಲನ್ನು ಗಾಲಿ ಬಿಚ್ಚದೆ ಹೊರಗೆ ಎಳೆಯಬಹುದು. ಟ್ರ್ಯಾಕ್ಟರಿನಲ್ಲಿ ಗಾಲಿ ಕೂರುವುದೇ ತಿರುಗುವ ಆಕ್ಸಲಿನ ತುದಿಯ ತಟ್ಟೆಯ ಮೇಲೆ. ಅದಕ್ಕೆ ಬೇರಿಂಗಿನ ಆಸರೆ ಸಿಗುವುದು ಒಳಗಡೆ, ಕಹಳೆಯಾಕಾರದ ಕವಚದ ಬಾಯಲ್ಲಿ.

ಈಗ ಒಂದು ಸಣ್ಣ ಲೆಕ್ಕ. 28 ಇಂಚಿನ ರಿಮ್ಮಿಗೆ ಹಾಕುವ ಹಿಂದಿನ ಟಯರಿನ ಸುತ್ತಳತೆ 4 ಮೀಟರಿಗೆ ತುಸು ಹೆಚ್ಚು. ಕೆಸರಲ್ಲಿ ಟ್ರ್ಯಾಕ್ಟರ್ ಗಂಟೆಗೆ 3 ಕಿ.ಮೀ. ಹೋಗುತ್ತದೆ ಎಂದರೆ ನಿಮಿಷಕ್ಕೆ 50 ಮೀಟರ್. ಅಂದರೆ ಗಾಲಿ ನಿಮಿಷಕ್ಕೆ ಸುತ್ತುವುದು ಬರೀ 12 ಸಲ. ಅದೇ ಹೊತ್ತಿಗೆ ಎಂಜಿನ್ ನಿಮಿಷಕ್ಕೆ 2,000 ಸುತ್ತು ಹೊಡೆಯುತ್ತಿರುತ್ತದೆ. ನಡುವೆ ಎಲ್ಲೋ ವೇಗ 160 ಪಟ್ಟಿಗೂ ಹೆಚ್ಚು ಇಳಿಯಬೇಕು. ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಇದೆಲ್ಲವನ್ನೂ ಗೇರ್ ಡಬ್ಬಿಯಲ್ಲೇ ಮಾಡಿದರೆ ಅಲ್ಲಿಂದ ಮುಂದಿನ ಪ್ರತಿ ಹಲ್ಲು, ಪ್ರತಿ ಸರಳು ಆನೆಗಾತ್ರ ಆಗಬೇಕಾಗುತ್ತದೆ. ಹಾಗಾಗಿ ಕೊನೆಯ ಇಳಿಕೆಯನ್ನು ಗಾಲಿಯ ಸಮೀಪಕ್ಕೆ ತಳ್ಳುತ್ತಾರೆ. ಹಿಂದಿನ ಅಚ್ಚುಗಳಲ್ಲಿ ಬಗೆಗಳು ಹುಟ್ಟಿದ್ದು ಇಲ್ಲಿಂದ.

1946ರಲ್ಲಿ ಬಂದ ಫರ್ಗ್ಯುಸನ್ ಟಿಇ-20 ಟ್ರ್ಯಾಕ್ಟರಿಗೆ ಅಂಥ ಕೊನೆಯ ಇಳಿಕೆಯೇ ಇರಲಿಲ್ಲ. ಎಂಜಿನ್ ಬಲವನ್ನು ಗಾಲಿಗಳ ಕಡೆಗೆ ತಿರುಗಿಸುವ ಕ್ರೌನ್ ಚಕ್ರದಿಂದ ನೇರ ಗಾಲಿಗೆ ಆಕ್ಸಲ್. ಅದು ಹಗುರ ಯಂತ್ರ, ನಡೆಯಿತು. ಬಲ ಹೆಚ್ಚಿದಂತೆ ಕೆಲವರು, ಎರಡು ಗಾಲಿಗೂ ಬಲ ಹಂಚುವ ಡಿಫರೆನ್ಷಿಯಲ್ ಪಕ್ಕದಲ್ಲೇ ದೊಡ್ಡದೊಂದು ಹಲ್ಲುಚಕ್ರ ಇಟ್ಟು ವೇಗ ಇಳಿಸಿದರು. ಅಲ್ಲಿಂದ ಗಾಲಿಯವರೆಗಿನ ಆಕ್ಸಲ್ ನಿಧಾನವಾಗಿ, ಭಾರೀ ಬಲದಿಂದ ತಿರುಗುವುದರಿಂದ ಅದು ದಪ್ಪಗಿರಬೇಕು. ಇನ್ನು ಕೆಲವರು ಆ ದೊಡ್ಡ ಚಕ್ರವನ್ನು ಗಾಲಿಯ ಬದಿಗೇ ಒಯ್ದು, ಆಕ್ಸಲ್ ಸಾಲಿಗಿಂತ ಕೆಳಗೆ ಕೂರಿಸಿದರು. ಆಗ ಟ್ರ್ಯಾಕ್ಟರಿನ ಹೊಟ್ಟೆ ನೆಲದಿಂದ ಮೇಲೇರುತ್ತದೆ, ಬೆಳೆದ ಪೈರಿನ ಮೇಲೆ ಹಾದುಹೋಗಲು ಅನುಕೂಲ. ಮೂರನೆಯದು ನನಗೆ ಎಲ್ಲಕ್ಕಿಂತ ಅಂದವಾಗಿ ಕಾಣುವ ಬಗೆ. ನಡುವೆ ಪುಟ್ಟ ಸೂರ್ಯಚಕ್ರ, ಅದರ ಸುತ್ತ ಮೂರು ಗ್ರಹಚಕ್ರ, ಅವನ್ನೆಲ್ಲ ಅಪ್ಪಿಕೊಂಡ ಹಲ್ಲಿನ ಬಳೆ. ಬಲ ಒಂದೇ ಹಲ್ಲಿನ ಮೇಲೆ ಬೀಳದೆ ಮೂರು ಕಡೆ ಹಂಚಿಹೋಗುತ್ತದೆ. ಆದ್ದರಿಂದ ಸಣ್ಣ ಜಾಗದಲ್ಲಿ ದೊಡ್ಡ ಇಳಿಕೆ ಸಾಧ್ಯ. ಮ್ಯಾಸಿ ಫರ್ಗ್ಯುಸನ್ 65ರಲ್ಲಿ ಇದ್ದದ್ದು ಈ ಬಗೆಯ ಇಳಿಕೆ.

ಹೊಲದ ಕೊನೆಯಲ್ಲಿ ಟ್ರ್ಯಾಕ್ಟರ್ ತಿರುಗಿ ಮರಳುವಾಗ ಎರಡು ಗಾಲಿಗಳು ಒಂದೇ ದೂರ ಹೋಗುವುದಿಲ್ಲ. ಗಾಲಿಗಳ ನಡುವಿನ ಅಂತರ 1.3 ಮೀಟರ್ ಇದ್ದರೆ, ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ 4 ಮೀಟರ್ ಹೆಚ್ಚು ನಡೆದಿರುತ್ತದೆ. ಹೆಚ್ಚುಕಡಿಮೆ ಗಾಲಿಯ ಒಂದು ಪೂರ್ತಿ ಸುತ್ತು! ತಿರುವು ಚಿಕ್ಕದಾಗಲಿ, ದೊಡ್ಡದಾಗಲಿ ಈ ಲೆಕ್ಕ ಬದಲಾಗುವುದಿಲ್ಲ. ಈ ಒಂದು ಸುತ್ತಿನ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ಆದರೆ ಅದಕ್ಕೊಂದು ದೌರ್ಬಲ್ಯವಿದೆ. ಎರಡೂ ಗಾಲಿಗೆ ಅದು ಸಮನಾದ ಬಲ ಕೊಡುತ್ತದೆ. ಒಂದು ಗಾಲಿ ಕೆಸರಲ್ಲಿ ಜಾರತೊಡಗಿದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುವುದು ಅಷ್ಟೇ. ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಅಲುಗದೆ ನಿಲ್ಲುತ್ತದೆ. ಆಗ ಡಿಫರೆನ್ಷಿಯಲ್ ಲಾಕ್ ತುಳಿದರೆ ಎರಡೂ ಗಾಲಿ ಒಂದೇ ಸರಳಿಗೆ ಬಿಗಿದಂತೆ ಜೊತೆಯಾಗಿ ತಿರುಗುತ್ತವೆ. ಜಾರುವ ಗಾಲಿಯನ್ನು ನಿಧಾನ ಮಾಡಿದ ಮೇಲೆ ತುಳಿಯಬೇಕು, ನೇರ ಹೋಗುವಾಗ ಮಾತ್ರ ತುಳಿಯಬೇಕು. ಲಾಕ್ ಹಾಕಿಕೊಂಡೇ ತಿರುಗಿಸಿದರೆ ಆ ಒಂದು ಸುತ್ತಿನ ವ್ಯತ್ಯಾಸವನ್ನು ಹಲ್ಲುಗಳೇ ತಿನ್ನಬೇಕಾಗುತ್ತದೆ.

ಗಾಲಿ ಜೋಡಿಸುವ ಕೆಲಸ ನೋಡಬೇಕೆಂದರೆ ಕುಷ್ಟಗಿಯ ಯಾವುದಾದರೂ ಗ್ಯಾರೇಜಿನ ಮುಂದೆ ಎಡೆ ಹೊಡೆಯುವ ದಿನಗಳಲ್ಲಿ ನಿಲ್ಲಬೇಕು. ನಾನು ನೋಡಿದ ದಿನ ಅಲ್ಲೊಬ್ಬ ರೈತರು ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು. "ಗೋವಿನಜೋಳದಾಗ ಎಡಿ ಹೊಡಿಯಾಕ ಬರವಲ್ದು, ಸಾಲ ತುಳಿತೈತಿ" ಎಂದರು. ಮೆಕ್ಯಾನಿಕ್ ಟೇಪು ಹಿಡಿದು ಒಂದು ಟಯರಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದ. "ಗಾಲಿ ಒಳಗ ತಗೋಬೇಕ್ರಿ ಯಜಮಾನ್ರ. ಎಡಕಿನ್ದು ಬಲಕ್ಕ, ಬಲಕಿನ್ದು ಎಡಕ್ಕ." ಜಾಕ್ ಕೊಟ್ಟು, ಕವಚದ ಕೆಳಗೆ ದಿಮ್ಮಿ ಇಟ್ಟು, ನಟ್ ಬಿಚ್ಚಿದರು. ಇಬ್ಬರು ಗಾಲಿಯನ್ನು ಅಪ್ಪಿ ಹಿಡಿದು ಉರುಳಿಸಿಕೊಂಡು ಟ್ರ್ಯಾಕ್ಟರಿನ ಹಿಂದಿನಿಂದ ಆಚೆ ಬದಿಗೆ ಒಯ್ದರು.

ಎಡದ್ದು ಬಲಕ್ಕೆ ಏಕೆ ಹೋಗಬೇಕು? ಗಾಲಿಯ ನಡುವಿನ ಡಿಸ್ಕ್ ತಟ್ಟೆಯಂತೆ ಒಂದು ಕಡೆಗೆ ಉಬ್ಬಿರುತ್ತದೆ. ಉಬ್ಬು ಒಳಗಿದ್ದರೆ ಟಯರ್ ಹೊರಗೆ ಹೋಗುತ್ತದೆ, ಉಬ್ಬು ಹೊರಗಿದ್ದರೆ ಟಯರ್ ಒಳಗೆ ಬರುತ್ತದೆ. ರಿಮ್ಮಿಗೆ ಬೆಸೆದ ಕಿವಿಗಳ ಯಾವ ಬದಿಗೆ ಡಿಸ್ಕ್ ಬೋಲ್ಟ್ ಮಾಡುತ್ತೇವೆ ಎಂಬುದರಿಂದ ಇನ್ನಷ್ಟು ಅಂತರ ಬದಲಾಗುತ್ತದೆ. ಹಳೆಯ ಫರ್ಗ್ಯುಸನ್ನಿನಲ್ಲಿ ಹೀಗೆ 4 ಇಂಚಿನ ಹೆಜ್ಜೆಯಲ್ಲಿ 48ರಿಂದ 76 ಇಂಚಿನವರೆಗೆ ಎಂಟು ಅಂತರಗಳು ಸಿಗುತ್ತಿದ್ದವು. ಆದರೆ ಇದ್ದ ಬದಿಯಲ್ಲೇ ಗಾಲಿಯನ್ನು ಮಗುಚಿ ಹಾಕಿದರೆ ಟಯರಿನ ಬಾಣ ಹಿಂದುಮುಂದಾಗುತ್ತದೆ. ಬದಿಯನ್ನೂ ಬದಲಿಸಿದರೆ ಬಾಣ ಮತ್ತೆ ಸರಿದಾರಿಗೆ ಬರುತ್ತದೆ.

ಅಂತರದ ಸೂತ್ರ ಬಹಳ ಸರಳ. ಗಾಲಿಗಳ ಅಂತರ ಸಾಲಿನ ಅಂತರದ ಇಷ್ಟು ಪಟ್ಟು ಎಂದು ಪೂರ್ಣ ಸಂಖ್ಯೆಯಲ್ಲಿ ಬರಬೇಕು. 60 ಸೆಂ.ಮೀ. ಸಾಲಿನ ಗೋವಿನಜೋಳಕ್ಕೆ ಗಾಲಿ 120ಕ್ಕೆ ಬಂದರೆ ನಡುವೆ ಎರಡು ಸಾಲು ಸಲೀಸಾಗಿ ಉಳಿಯುತ್ತವೆ. 45 ಸೆಂ.ಮೀ. ಸಾಲಿನ ಜೋಳಕ್ಕೆ 135ಕ್ಕೆ ಇಟ್ಟರೆ ಮೂರು ಸಾಲು. ಟಯರಿನ ಅಗಲವನ್ನೂ ಮರೆಯುವಂತಿಲ್ಲ. 13.6 ಎಂದು ಬರೆದ ಟಯರ್ ಅಂದಾಜು 34 ಸೆಂ.ಮೀ. ಅಗಲ. 60ರ ಸಾಲಿನಲ್ಲಿ ಅದರ ಎರಡು ಬದಿಗೂ 13 ಸೆಂ.ಮೀ. ಉಳಿಯುತ್ತದೆ, 45ರ ಸಾಲಿನಲ್ಲಿ ಬರೀ 5. ಸ್ವಲ್ಪ ಕೈ ಅಲುಗಿದರೂ ಪೈರು ಹೋಯಿತು. ಸಣ್ಣ ಟ್ರ್ಯಾಕ್ಟರುಗಳಿಗೆ 8.3 ಇಂಚಿನ ಸಪೂರ ಟಯರ್ ಕೊಡುವುದರ ಅರ್ಥ ಇಲ್ಲಿದೆ.

ಗಂಗಾವತಿಯ ಗದ್ದೆಗೆ ಬಂದರೆ ಮಾತೇ ಬೇರೆ. ನಾಟಿಗೆ ಮೊದಲು ನೀರು ನಿಲ್ಲಿಸಿ ಮಣ್ಣನ್ನು ಕಲಸಿ ಹಿಟ್ಟಿನಂತೆ ಮಾಡಬೇಕು. ಮಣ್ಣಿನ ರಂಧ್ರಗಳು ಮುಚ್ಚಿದರೆ ನೀರು ಕೆಳಗೆ ಇಂಗುವುದು ಕಡಿಮೆಯಾಗುತ್ತದೆ. ಇಂಥ ಕೆಸರಲ್ಲಿ ರಬ್ಬರ್ ಟಯರಿಗೆ ಹಿಡಿತ ಸಾಲದು, ಅದಕ್ಕೇ ಕೇಜ್ ವೀಲ್. ಕಬ್ಬಿಣದ ಬಳೆಗಳಿಗೆ ಅಡ್ಡಪಟ್ಟಿ ಬೆಸೆದ ಪಂಜರ ಅದು. ಟಯರ್ ತೆಗೆದು ಅದರ ಜಾಗದಲ್ಲಿ ಪೂರ್ತಿ ಪಂಜರ ಹಾಕುವುದುಂಟು, ಟಯರಿನ ಹೊರಬದಿಗೆ ಅರ್ಧ ಪಂಜರ ಬಿಗಿಯುವುದುಂಟು. ಭಾರ ಅಗಲಕ್ಕೆ ಹಂಚಿ ಯಂತ್ರ ಹೂಳುವುದಿಲ್ಲ, ಪಟ್ಟಿಗಳು ಕೆಸರನ್ನು ಹುಟ್ಟಿನಂತೆ ಹಿಂದಕ್ಕೆ ತಳ್ಳುತ್ತವೆ, ಜೊತೆಗೆ ಮಣ್ಣೂ ಕಲಸುತ್ತದೆ.

ಅದರ ಬೆಲೆ ತೆರುವುದು ಅಚ್ಚು. ಸುಮಾರು 1,900 ಕಿಲೋ ತೂಕದ ಟ್ರ್ಯಾಕ್ಟರಿನಲ್ಲಿ ಒಂದು ಹಿಂದಿನ ಗಾಲಿಯ ಮೇಲೆ ಹತ್ತಿರ ಹತ್ತಿರ 600 ಕಿಲೋ ಇರುತ್ತದೆ. ಪಂಜರ ಹೊರಗೆ ಚಾಚಿದ್ದರಿಂದ ಆ ಭಾರ ನೆಲ ಮುಟ್ಟುವ ಜಾಗ ಬೇರಿಂಗಿನಿಂದ 15 ಸೆಂ.ಮೀ. ಹೊರಗಿದ್ದದ್ದು 30ಕ್ಕೆ ಸರಿದರೆ, ತೂಕ ಒಂದು ಕಿಲೋ ಹೆಚ್ಚದಿದ್ದರೂ ಆಕ್ಸಲನ್ನು ಬಗ್ಗಿಸುವ ಬಲ ಎರಡು ಪಟ್ಟಾಗುತ್ತದೆ. ಬದು ಹತ್ತುವಾಗ, ಇಳಿಯುವಾಗ ಇಡೀ ಭಾರ ಪಂಜರದ ಹೊರ ಅಂಚಿನ ಮೇಲೇ ಬೀಳುತ್ತದೆ. ಮೊದಲು ಬೇರಿಂಗ್ ಸಡಿಲಾಗುತ್ತದೆ. ಆಮೇಲೆ ಆಯಿಲ್ ಸೀಲ್ ಸವೆದು ಎಣ್ಣೆ ಹೊರಗೆ, ಕೆಸರು ಒಳಗೆ. ಗಾಲಿಯ ಒಳಬದಿಯಲ್ಲಿ ಎಣ್ಣೆಯ ಪಸೆ ಕಂಡರೆ ಅದನ್ನು ಒರೆಸಿ ಸುಮ್ಮನಾಗಬೇಡಿ. ನಾಟಿ ಕೆಲಸ ಮುಗಿದ ದಿನವೇ ಪಂಜರ ಬಿಚ್ಚಿ ಗಾಲಿಯನ್ನು ಒಳಗೆ ತನ್ನಿ.

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳನ್ನು ಜೋಪಾನ ಮಾಡುವವರೂ ಭಾರ ಹೊರಗೆ ಸರಿದಷ್ಟೂ ಅಚ್ಚಿಗೆ ಕಷ್ಟ ಎಂಬ ಇದೇ ನಿಯಮಕ್ಕೆ ತಲೆಬಾಗುತ್ತಾರೆ.    ಅಂದಕ್ಕೆಂದು ಅಗಲ ಗಾಲಿ ಹೊರಗೆ ಚಾಚಿದರೆ ಅಲ್ಲಿಯೂ ಮೊದಲು ಸವೆಯುವುದು ಬೇರಿಂಗೇ.    

ಹಿಂದಿನ ಅಚ್ಚಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಇದು ಜೀವದ ಪ್ರಶ್ನೆ. ಎಂಜಿನ್ ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ, ಗಾಲಿ ಟ್ರ್ಯಾಕ್ಟರಿನ ಮೈಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಗಾಲಿ ಉರುಳುತ್ತಿರುವವರೆಗೆ ನಮಗೆ ಅದು ತಿಳಿಯುವುದಿಲ್ಲ. ಕೆಸರಲ್ಲಿ ಹೂತ ಗಾಲಿಗೆ ಮರದ ತುಂಡು ಕಟ್ಟಿ ಕ್ಲಚ್ ಬಿಟ್ಟರೆ, ಕೆಲವು ಸಲ ಗಾಲಿ ಅಲುಗುವುದೇ ಇಲ್ಲ. ಆಗ ತಿರುಗಲು ಉಳಿಯುವುದು ಟ್ರ್ಯಾಕ್ಟರ್ ಮಾತ್ರ. ಮುಂದಿನ ಗಾಲಿಗಳು ಮೇಲೆದ್ದು, ಎರಡು ಸೆಕೆಂಡಿಗೂ ಮೊದಲೇ ಇಡೀ ಯಂತ್ರ ಅಚ್ಚಿನ ಸುತ್ತ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ ತುಳಿಯಬೇಕೆಂದು ಹೊಳೆಯುವಷ್ಟೂ ಹೊತ್ತು ಸಿಗುವುದಿಲ್ಲ.

ಟ್ರ್ಯಾಕ್ಟರ್ ಹೂತರೆ ಗಾಲಿಯ ಹಿಂದಿನ ಕೆಸರು ತೋಡಿ ರಿವರ್ಸ್ ಗೇರಿನಲ್ಲಿ ಹೊರಗೆ ಬನ್ನಿ. ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ ಎಳೆಸಿ. ಗಾಲಿಗೆ ಮರದ ತುಂಡು ಮಾತ್ರ ಕಟ್ಟಬೇಡಿ, ನಿಮ್ಮ ಮಕ್ಕಳು ಕಟ್ಟುವುದನ್ನು ಕಂಡರೆ ಓಡಿಹೋಗಿ ಬಿಡಿಸಿ. ಗದ್ದೆಯಿಂದ ರಸ್ತೆಗೆ ಹತ್ತುವ ಮೊದಲು, ಒಂದೇ ಗಾಲಿಗೆ ಬ್ರೇಕ್ ಬೀಳದಂತೆ, ಎಡ, ಬಲ ಬ್ರೇಕಿನ ಎರಡು ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿಕೊಳ್ಳಿ.