ಅರಬಿ ಅಕ್ಷರ ಇದ್ದರೆ ಅರಬ್ ನಾಣ್ಯವೇ?

ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿ ಅರಬಿ ಅಕ್ಷರದ ತಾಮ್ರದ ನಾಣ್ಯ ಸಿಕ್ಕಿದರೆ ‘ಇದು ಮಕ್ಕದ್ದು, ಲಕ್ಷ ಬೆಲೆ’ ಅನ್ನುವವರೇ ಹೆಚ್ಚು. ಆದರೆ ಅಕ್ಷರ ಅರಬಿಯಾದ ಮಾತ್ರಕ್ಕೆ ನಾಣ್ಯ ಅರಬ್ ದೇಶದ್ದಾಗುವುದಿಲ್ಲ. ಅದು ನಮ್ಮ ನಾಡಿನದ್ದೇ ಇರಬಹುದು.

ಮೊದಲು ಚಿತ್ರ ನೋಡಿ. ಚಾರ್‌ಮಿನಾರ್ ಇದ್ದರೆ ಹೈದರಾಬಾದ್ ನಿಜಾಮರದ್ದು. ಒಂದು ಬದಿ ಆನೆ, ಇನ್ನೊಂದು ಬದಿ ಅರಬಿ ಅಕ್ಷರ ಇದ್ದರೆ ಟಿಪ್ಪು ಸುಲ್ತಾನರ ಕಾಲದ್ದಾಗಿರುವ ಸಾಧ್ಯತೆ ಹೆಚ್ಚು.

ಆಮೇಲೆ ಒಂದು ಪದ ಹುಡುಕಿ. ಮದ್ರಸದಲ್ಲಿ ‘ಳರಬ’ ಅಂದರೆ ‘ಹೊಡೆದನು’ ಅಂತ ಕಲಿತಿದ್ದೇವಲ್ಲ, ಅದೇ ಮೂರು ಅಕ್ಷರ. ಪಾರ್ಸಿಯಲ್ಲಿ ಅದನ್ನು ‘ಝರ್ಬ್’ ಅಂತ ಓದ್ತಾರೆ. ಅಚ್ಚು ಹೊಡೆದದ್ದು ಅಂತ ಅರ್ಥ. ಜೊತೆಗಿರುವುದು ಟಂಕಸಾಲೆಯ ಊರು: ‘ಪಟನ್’ ಅಂದರೆ ಶ್ರೀರಂಗಪಟ್ಟಣ, ‘ನಗರ್’ ಅಂದರೆ ಬಿದನೂರು.

ಹೆಚ್ಚಿನವರು ಎಡವುವುದು ವರ್ಷದಲ್ಲಿ. ಅರಬಿ ಅಂಕಿಯನ್ನು ಎಡದಿಂದ ಬಲಕ್ಕೆ ಓದುವುದು ರೂಢಿ. ಆದರೆ ಟಿಪ್ಪುವಿನ ಹಲವು ನಾಣ್ಯಗಳಲ್ಲಿ ಅಂಕಿಯೂ ಬಲದಿಂದ ಎಡಕ್ಕೆ. 5121 ಅಂತ ಕಂಡರೆ ಅದು 1215. ಹಿಜ್ರಿ ಅಂತ ಲೆಕ್ಕ ಹಾಕಿದರೆ ಕ್ರಿ.ಶ. 1800 ಬರುತ್ತದೆ, ಟಿಪ್ಪು ಹುತಾತ್ಮರಾದದ್ದು 1799ರಲ್ಲಿ! ಅದು ಹಿಜ್ರಿಯಲ್ಲ, ಪ್ರವಾದಿ(ಸ)ಯವರ ಜನನದಿಂದ ಎಣಿಸಿದ ಮೌಲೂದಿ ವರ್ಷ. ಅಂದರೆ 1787ರ ಸುಮಾರು.

ಹುಣಸೆಹುಳಿ ಹಾಕಿ ತಿಕ್ಕಬೇಡಿ. ಅಕ್ಷರ ಸವೆದರೆ ಗುರುತೂ ಹೋಯಿತು, ಬೆಲೆಯೂ ಹೋಯಿತು. ತೋಟ ಅಗೆಯುವಾಗ ಸಿಕ್ಕಿದ ನಿಧಿಯಾದರೆ ಸರಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ಮನೆಯದ್ದೇ ಆದರೆ, ಮಾರುವ ಮೊದಲು ಮದ್ರಸಕ್ಕೆ ಹೋಗುವ ಮಕ್ಕಳ ಕೈಗೊಮ್ಮೆ ಕೊಟ್ಟು ಓದಿಸಿ ನೋಡಿ.